ಭಾಷೆ ಬದಲಾದರೂ ಬದಲಾಗದ ಬಾಗಿಲು

ಕಮಲಾಪುರ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕೆಂಪು ಬಾಳೆ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿರುವ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ನೀರಿದ್ದವರಿಗೆ ಬಾಳೆ, ಮಳೆ ನಂಬಿದವರಿಗೆ ತೊಗರಿ, ಹೊಲವೇ ಇಲ್ಲದವರಿಗೆ ಕೂಲಿ. ಈ ಮೂರೂ ಮನೆಗಳ ಮಕ್ಕಳು ಒಂದೇ ಶಾಲೆಗೆ ಹೋಗುವುದು ಅಪರೂಪ. ಹೋದರೂ ಅವರಿಗೆ ದಕ್ಕುವ ವಿದ್ಯೆ ಒಂದೇ ಅಲ್ಲ. ಈ ಅಂತರಕ್ಕೆ ಹಳೆಯ ಬೇರುಗಳಿವೆ.

1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ನೆಲವು ದಿವಾನಿ, ಪೈಗಾ, ಜಾಗೀರು ಎಂದು ಹಂಚಿಹೋಗಿದ್ದಂತೆ ವಿದ್ಯೆಯೂ ಹಂಚಿಹೋಗಿತ್ತು. ಜಾಗೀರುದಾರರ ಗಂಡುಮಕ್ಕಳಿಗೆಂದೇ 1923ರಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಜಾಗೀರುದಾರರ ಕಾಲೇಜು ತೆರೆಯಿತು. ಜಾಗೀರುಗಳು ರದ್ದಾದ ಮೇಲೆ ಅದೇ ಹೈದರಾಬಾದ್ ಪಬ್ಲಿಕ್ ಸ್ಕೂಲ್ ಆಯಿತು.

ಉಳಿದವರ ಪಾಡೇನು? ಕಚೇರಿ, ಕೋರ್ಟು, ಕಂದಾಯದ ಕಾಗದಪತ್ರಗಳೆಲ್ಲ ಉರ್ದುವಿನಲ್ಲಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಈ ಪ್ರಯೋಗ ಆ ಕಾಲಕ್ಕೆ ದೊಡ್ಡದೇ. ಆದರೆ ಕನ್ನಡ ಸೀಮೆಯ ಹಳ್ಳಿಯ ಹುಡುಗನಿಗೆ ಅದು ಮನೆಮಾತಲ್ಲ. ಅದನ್ನು ಕಲಿತು ದಾಟಿದವರು ಬಹುಮಟ್ಟಿಗೆ ಮನೆಯಲ್ಲಿ ಮೊದಲೇ ಅಕ್ಷರವಿದ್ದವರು: ಕುಲಕರ್ಣಿಗಳು, ವಕೀಲರು, ಪಂಡಿತರ ಮಕ್ಕಳು. ಕವಿ ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ ಆಡಳಿತ ಸೇವೆಗೆ ಸೇರಿದರು. ಅವರ ತಂದೆ ವಿದ್ವಾಂಸರಾಗಿದ್ದರು. ಇನ್ನೊಂದು ಮಾತನ್ನೂ ಗಮನಿಸಬೇಕು. ಉರ್ದುವೇ ಮನೆಮಾತಾಗಿದ್ದ ಬಡ ಮುಸ್ಲಿಂ ಕೂಲಿಕಾರನ ಮಗನಿಗೂ ಕಚೇರಿಯ ಬಾಗಿಲು ತಾನಾಗಿ ತೆರೆಯಲಿಲ್ಲ. ತಡೆಗೋಡೆ ಭಾಷೆಯೊಂದೇ ಆಗಿರಲಿಲ್ಲ.

ಈ ಗೋಡೆಯಲ್ಲಿ ಕಿಂಡಿ ಕೊರೆದವರೂ ಇದ್ದರು. ಕಲಬುರಗಿಯ ನೂತನ ವಿದ್ಯಾಲಯ ಆರಂಭವಾದದ್ದು 1907ರಲ್ಲಿ. 1934ರಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ವಿದ್ಯಾವರ್ಧಕ ಸಂಘ ಕಟ್ಟಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಆದರೂ 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ನೂರು ಜನರಲ್ಲಿ ಅಕ್ಷರ ಬಲ್ಲವರು ಹತ್ತು ಮಂದಿಯೂ ಇರಲಿಲ್ಲ.

ಬಾಗಿಲು ತೆರೆದಾಗ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ನಿದರ್ಶನವಿದೆ. ರಜಾಕಾರರ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡು ಕಲಬುರಗಿಗೆ ಬಂದ ಮಿಲ್ ಕಾರ್ಮಿಕನ ಮಗ ಮಲ್ಲಿಕಾರ್ಜುನ ಖರ್ಗೆ, ನೂತನ ವಿದ್ಯಾಲಯದಲ್ಲಿ ಓದಿ ಕಾನೂನು ಪದವಿ ಪಡೆದರು. ಪೇಟೆಯಲ್ಲಿ ಮಿಲ್ಲೂ ಇತ್ತು, ಶಾಲೆಯೂ ಇತ್ತು. ಹಳ್ಳಿಯ ಕೂಲಿಕಾರನಿಗೆ ಎರಡೂ ದೂರವಿದ್ದವು.

1956ರಲ್ಲಿ ಈ ಸೀಮೆ ಕನ್ನಡ ನಾಡನ್ನು ಸೇರಿತು. ಊರೂರಿಗೆ ಕನ್ನಡ ಶಾಲೆ ಬಂತು. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದದ್ದು ಕಲಬುರಗಿಯೂ ಸೇರಿದ ಈಶಾನ್ಯ ಜಿಲ್ಲೆಗಳಲ್ಲಿ. ಹೀಗಿದ್ದೂ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದರೆ ಕಲಬುರಗಿ ಜಿಲ್ಲೆಯದು ಶೇ 65ರ ಆಸುಪಾಸಿನಲ್ಲಿತ್ತು. ಹೆಣ್ಣುಮಕ್ಕಳದು ಶೇ 55.

ಅಷ್ಟರಲ್ಲಿ ಉರ್ದು ಇದ್ದ ಜಾಗಕ್ಕೆ ಇಂಗ್ಲಿಷ್ ಬಂದಿತ್ತು. ಫೀ ಕಟ್ಟಬಲ್ಲವರ ಮಕ್ಕಳು ಖಾಸಗಿ ಶಾಲೆಗೆ ಹೋದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಹಾಗೂ ಹಿಂದುಳಿದ ವರ್ಗಗಳ ಮಕ್ಕಳಿಗೆ ಮೀಸಲಿಟ್ಟಿತು. 2019ರಲ್ಲಿ ರಾಜ್ಯ ಸರಕಾರ ನಿಯಮ ಬದಲಿಸಿ, ಸರಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿದ್ದರೆ ಆ ಸೌಲಭ್ಯ ಇಲ್ಲ ಎಂದಿತು.

ಇನ್ನು ಶಾಲೆಯ ಪಂಚಾಂಗ. ಜೂನ್‌ನಲ್ಲಿ ತೊಗರಿ ಬಿತ್ತನೆಯ ಜೊತೆಗೇ ಶಾಲೆ ಶುರು. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದರೆ ಕೂಲಿಕಾರರು ಮುಂಬೈ, ಪುಣೆ, ಹೈದರಾಬಾದ್ ಕಡೆ ಗುಳೆ ಹೋಗುತ್ತಾರೆ. ಪರೀಕ್ಷೆ ಬರುವುದು ಆಮೇಲೆ. ಅಪ್ಪ-ಅವ್ವನ ಜೊತೆ ಹೋದ ಮಗು ಪಾಠದ ಕೊನೆಯ ತಿಂಗಳುಗಳನ್ನೇ ಕಳೆದುಕೊಳ್ಳುತ್ತದೆ. ಹೋಗದೆ ಉಳಿದರೆ ಅದನ್ನು ನೋಡಿಕೊಳ್ಳುವವರು ಬೇಕು. ಇಂಥ ಮಕ್ಕಳಿಗೆ ಊರಲ್ಲೇ ಊಟ, ವಸತಿ ಸಿಗುವ ಋತುಮಾನ ಶಾಲೆಗಳು ಅದಕ್ಕೇ ಮುಖ್ಯ.

ಸಂವಿಧಾನದ 371ಜೆ ವಿಧಿಯ ಮೂಲಕ 2013ರಿಂದ ಈ ಭಾಗದವರಿಗೆ ಉನ್ನತ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಸಿಕ್ಕಿದೆ. ಅದು ದೊಡ್ಡ ಗೆಲುವೇ ಸರಿ. ಆದರೆ ಅದರ ಫಲ ದಕ್ಕುವುದು ಕಾಲೇಜಿನ ಮೆಟ್ಟಿಲು ತಲುಪಿದವರಿಗೆ. ಏಳನೆಯ ತರಗತಿಯಲ್ಲೇ ಗುಳೆ ಹೋದ ಕಮಲಾಪುರ ಸೀಮೆಯ ಹುಡುಗಿಗೆ ಆ ವಿಧಿಯಿಂದ ಸಿಗುವುದೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅವಳ ಊರಿನ ಪ್ರಾಥಮಿಕ ಶಾಲೆಯಲ್ಲಿ.