ಕೀಲಿನ ಮಾತ್ರೆ, ಕರುಳಿಗೆ

ನಮ್ಮ ಮೆಡಿಕಲ್ ಶಾಪಿಗೆ ಸಲ್ಫಾಸಲಜೀನ್ ಚೀಟಿ ತಂದವರಿಗೆ ಮೊದಲೇ ಹೇಳಿಬಿಡುತ್ತೇನೆ: "ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ ಸ್ವಾಮಿ, ಅದು ಮಾತ್ರೆಯ ಬಣ್ಣ." ಕೀಲುನೋವಿಗೂ ದೊಡ್ಡ ಕರುಳಿನ ಹುಣ್ಣಿಗೂ ಒಂದೇ ಮಾತ್ರೆಯೇ ಎಂದು ಅನುಮಾನಪಡುವವರೂ ಉಂಟು.

ಇದನ್ನು ರೂಪಿಸಿದವರು ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್. 1937ರಲ್ಲೇ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಪ್ರೊಫೆಸರ್ ಆದ ಗಟ್ಟಿಗಿತ್ತಿ. ಕೀಲೂತಕ್ಕೆ ಸೋಂಕೇ ಕಾರಣವೆಂಬ ಊಹೆಯಿಂದ ಅವರು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಸಲ್ಫಾವನ್ನೂ ಊತ ಇಳಿಸುವ ಸ್ಯಾಲಿಸಿಲೇಟನ್ನೂ ಒಂದೇ ಅಣುವಿನಲ್ಲಿ ಬೆಸೆಸಿದರು. ಅದನ್ನು ಕರುಳಿನ ಹುಣ್ಣಿನವರಿಗೆ ಕೊಟ್ಟಾಗಲೂ ಗುಣ ಕಂಡಿತು. 1942ರಲ್ಲಿ ವರದಿ ಪ್ರಕಟಿಸಿದರು.

ಈ ಜೋಡಿಯಲ್ಲಿ ಕೆಲಸ ಮಾಡುವುದು ಯಾವುದು? ಆಕ್ಸ್‌ಫರ್ಡ್‌ನಲ್ಲಿ ಆಜಾದ್ ಖಾನ್, ಪಿರಿಸ್, ಟ್ರೂಲವ್ ಎಂಬ ಮೂವರು ಸಂಶೋಧಕರು ಸೇರಿ 1977ರಲ್ಲಿ ಉತ್ತರ ಕೊಟ್ಟರು. ಇಡೀ ಔಷಧ, ಬರೀ ಸಲ್ಫಾ ಭಾಗ, ಬರೀ ಸ್ಯಾಲಿಸಿಲೇಟ್ ಭಾಗ, ಇವನ್ನು ಬೇರೆಬೇರೆ ರೋಗಿಗಳಿಗೆ ಎನಿಮಾ ಮೂಲಕ ಕೊಟ್ಟು ನೋಡಿದರು. ಕರುಳನ್ನು ವಾಸಿಮಾಡುತ್ತಿದ್ದದ್ದು ಸ್ಯಾಲಿಸಿಲೇಟ್. ಸಲ್ಫಾ ಅದನ್ನು ದೊಡ್ಡ ಕರುಳಿನವರೆಗೆ ಹೊತ್ತೊಯ್ಯುವ ಕೂಲಿಯಾಳು ಅಷ್ಟೇ. ಅಲ್ಲಿನ ಬ್ಯಾಕ್ಟೀರಿಯಾಗಳೇ ಗಂಟು ಬಿಚ್ಚುತ್ತವೆ. ವಾಕರಿಕೆ, ತಲೆನೋವಿನ ದೂರುಗಳೆಲ್ಲ ಹೆಚ್ಚಾಗಿ ಈ ಆಳಿನ ಮೇಲೆಯೇ! ಇಷ್ಟು ಸರಳ ಪರೀಕ್ಷೆಗೆ ಮೂವತ್ತೈದು ವರ್ಷ ಕಾಯಬೇಕಿತ್ತೇ ಎಂದು ನನಗೆ ಅನ್ನಿಸುವುದುಂಟು. ಸಲ್ಫಾ ಬಿಟ್ಟ ಮೆಸಲಜೀನ್ ಬಂದದ್ದು ಆಮೇಲೆ.

ಮುಂದೆ ಬೇರೆ ಬಗೆಯ ಔಷಧಗಳೂ ಬಂದವು: 1998ರಲ್ಲಿ ಅಮೆರಿಕದಲ್ಲಿ ಕರುಳೂತದ ಇನ್ನೊಂದು ರೂಪವಾದ ಕ್ರೋನ್ಸ್ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿತು. ಅದನ್ನು ಹೆಚ್ಚಾಗಿ ಡ್ರಿಪ್ ಮೂಲಕ ಕೊಡುತ್ತಾರೆ, ಫ್ರಿಜ್‌ನಲ್ಲಿಡಬೇಕು, ದುಬಾರಿ ಬೇರೆ. ನನ್ನ ಕೌಂಟರಿನಲ್ಲಿ ಹಳೇ ಮಾತ್ರೆಗೆ ಈಗಲೂ ಗಿರಾಕಿಗಳಿದ್ದಾರೆ, ಹೆಚ್ಚಿನವರು ಕೀಲುನೋವಿನವರು.