ಹಿಟ್ಟಿನ ಕೋಳಿಯೂ ಪರದೆಯ ಮೇಲಿನ ಕೊಲೆಯೂ

ಜೀವವೇ ಇಲ್ಲದುದನ್ನು ಕೊಂದರೆ ಹಿಂಸೆಯಾಗುವುದೇ? ಮೊಬೈಲಿನಲ್ಲಿ ಬಂದೂಕಿನ ಆಟವಾಡುವ ಹುಡುಗರು ಇಂದು ಹಿರಿಯರ ಮುಂದಿಡುತ್ತಿರುವ ಪ್ರಶ್ನೆ ಇದು. ‘ಅಲ್ಲಿ ಯಾರೂ ಸಾಯುವುದಿಲ್ಲ, ಸತ್ತವನು ಮುಂದಿನ ಆಟದಲ್ಲಿ ಎದ್ದು ಬರುತ್ತಾನೆ’ ಎಂಬುದು ಅವರ ವಾದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಶ್ರಾವಕ ಕುಟುಂಬಗಳಲ್ಲಿ ಈ ಮಾತು ಕೇಳಿಬರದ ಮನೆ ವಿರಳ. ಪ್ರಶ್ನೆ ಹೊಸದೆಂದು ಭಾವಿಸಿ ನಾವು ಗದರಿಸಿ ಸುಮ್ಮನಾಗಿಸುತ್ತೇವೆ. ಆದರೆ ಕನ್ನಡ ನಾಡಿನ ಜೈನರು ಇದನ್ನು ಸಾವಿರ ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡಿದ್ದರು.

ಸೋಮದೇವಸೂರಿಗಳು ಕ್ರಿ.ಶ. 959ರಲ್ಲಿ ಸಂಸ್ಕೃತದಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದರು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ಅದೇ ಕಥೆಯನ್ನು ಕನ್ನಡದಲ್ಲಿ ‘ಯಶೋಧರ ಚರಿತೆ’ಯಾಗಿ ಬರೆದನು. ಉಜ್ಜಯಿನಿಯ ಯಶೋಧರನು ತನ್ನ ರಾಣಿ ಅಮೃತಮತಿಯ ದುರಾಚಾರವನ್ನು ಕಂಡು, ಅದನ್ನು ಮರೆಮಾಚಲು ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳುತ್ತಾನೆ. ದೋಷ ಶಾಂತಿಗಾಗಿ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ, ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿ ಹುಡುಕಿದರು: ಜೀವದ ಕೋಳಿ ಬೇಡ, ಹಿಟ್ಟಿನ ಕೋಳಿಯಾಗಲಿ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು ಎನ್ನುತ್ತಾನೆ ಕವಿ. ಬಳಿಕ ತಾಯಿಮಕ್ಕಳಿಬ್ಬರೂ ರಾಣಿಯಿಕ್ಕಿದ ವಿಷದಿಂದ ಸತ್ತು, ನವಿಲು ಮತ್ತು ನಾಯಿಯ ಜನ್ಮದಿಂದ ಮೊದಲ್ಗೊಂಡು ಕೋಳಿಗಳ ಜನ್ಮದವರೆಗೆ ಭವಭವಗಳಲ್ಲಿ ತೊಳಲಿದರು. ಕೊಂದದ್ದು ಒಂದು ಮುದ್ದೆ ಹಿಟ್ಟು. ಕರ್ಮ ಕಟ್ಟಿದ್ದು ಸಂಕಲ್ಪಕ್ಕೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವಾಗಿ ಮತ್ತೆ ಎತ್ತಿಕೊಂಡದ್ದೂ ಈ ಸಂಕಲ್ಪದ ಪ್ರಶ್ನೆಯನ್ನೇ.

ಇನ್ನು ಆಧುನಿಕರ ವಾದ. ‘ಮಾರ್ಟಲ್ ಕಾಂಬ್ಯಾಟ್’ ಎಂಬ ಕಾದಾಟದ ಆಟದಲ್ಲಿ ರಕ್ತ ಚಿಮ್ಮುವುದನ್ನು ಕಂಡು ಅಮೆರಿಕದ ಸೆನೆಟ್ 1993ರ ಡಿಸೆಂಬರಿನಲ್ಲಿ ವಿಚಾರಣೆ ನಡೆಸಿತು. ಮರುವರ್ಷ ಉದ್ಯಮದವರೇ ವಯಸ್ಸಿಗೆ ತಕ್ಕ ಶ್ರೇಣಿ ನೀಡುವ ಮಂಡಳಿಯೊಂದನ್ನು ರಚಿಸಿಕೊಂಡರು. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯದ ಕಾನೂನನ್ನು ಅಲ್ಲಿಯ ಸುಪ್ರೀಂ ಕೋರ್ಟು 2011ರಲ್ಲಿ ರದ್ದುಪಡಿಸಿತು. ಮಕ್ಕಳಿಗೆ ನಾವೇ ಓದಿಸುವ ಗ್ರಿಮ್ ಸೋದರರ ಕಥೆಗಳಲ್ಲಿ, ಹೋಮರನ ಕಾವ್ಯದಲ್ಲಿ ಹಿಂಸೆಯಿಲ್ಲವೇ ಎಂಬುದು ನ್ಯಾಯಮೂರ್ತಿಗಳ ಒಂದು ತರ್ಕ. ಅಮೆರಿಕದ ಮನಃಶಾಸ್ತ್ರಜ್ಞರ ಸಂಘವು 2020ರಲ್ಲಿ, ಕೂಗಾಟ, ನೂಕಾಟದಂಥ ಸಣ್ಣ ಆಕ್ರಮಣಶೀಲತೆಗೂ ಇಂಥ ಆಟಗಳಿಗೂ ಅಲ್ಪ ಸಂಬಂಧ ಕಾಣುತ್ತದೆ, ಆದರೆ ಕೊಲೆಯಂಥ ಕೃತ್ಯಗಳಿಗೆ ಆಟವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು.

ನಮ್ಮಲ್ಲಿ 2019ರ ಮಾರ್ಚಿನಲ್ಲಿ ರಾಜಕೋಟದ ಪೊಲೀಸರು ‘ಪಬ್‌ಜಿ’ ಆಟವನ್ನು ನಿಷೇಧಿಸಿ ಆಡಿದವರನ್ನು ಬಂಧಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಸಮೀಪ, ಆಟಕ್ಕೆ ಅಡ್ಡಿಪಡಿಸಿದ ತಂದೆಯನ್ನು ಮಗನೇ ಕೊಂದನೆಂಬ ವಾರ್ತೆ ನಮ್ಮ ಭಾಗದ ಮನೆಗಳನ್ನು ನಡುಗಿಸಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಈ ಆಟವನ್ನೂ ಸೇರಿಸಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅನೇಕ ತಾಯಂದಿರು ನಿಟ್ಟುಸಿರು ಬಿಟ್ಟರು. ಆದರೆ ಆ ಆದೇಶಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ. ಹಿಂಸೆಯ ಮಾತೇ ಅಲ್ಲಿರಲಿಲ್ಲ. 2021ರ ಜುಲೈ ವೇಳೆಗೆ ಅದೇ ಆಟ ಬೇರೆ ಹೆಸರಿನಲ್ಲಿ ಮರಳಿತು. (ಚಟದ ವಿಷಯ ಬೇರೆಯೇ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ.)

ಈ ಎಲ್ಲ ವಿಚಾರಣೆಗಳೂ ಕೇಳಿದ್ದು ಒಂದೇ ಪ್ರಶ್ನೆ: ಆಡಿದವನು ನಾಳೆ ಬೇರೆಯವರಿಗೆ ಏನು ಮಾಡುತ್ತಾನೆ? ಆಡುತ್ತಿರುವಾಗಲೇ ಅವನಿಗೆ ಏನಾಗುತ್ತದೆ ಎಂಬುದು ಜನ್ನನ ಪ್ರಶ್ನೆ.

ಹಾಗೆಂದು ವೇದಿಕೆಯೇರಿ ‘ಮೊಬೈಲ್ ಆಟವೂ ಬಲಿಯೂ ಒಂದೇ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಯಶೋಧರನು ಹಿಟ್ಟಿನ ಕೋಳಿಯನ್ನು ಕಡಿದದ್ದು ದೇವಿಯು ಅದನ್ನು ನಿಜವಾದ ಬಲಿಯೆಂದೇ ಸ್ವೀಕರಿಸಲಿ ಎಂದು. ಹುಡುಗನಿಗೆ ಅಂಥ ಉದ್ದೇಶವಿಲ್ಲ. ಅಲ್ಲದೆ ಯುದ್ಧದ ವರ್ಣನೆಯೇ ಪಾಪವೆಂದರೆ ನಮ್ಮ ಮಹಾಕವಿಗಳನ್ನು ಏನು ಮಾಡೋಣ? ಹಾವೇರಿಗೆ ದೂರವಲ್ಲದ ಬಂಕಾಪುರದಲ್ಲಿ, ಅನೇಕ ಯುದ್ಧಗಳನ್ನು ಗೆದ್ದ ಗಂಗರ ಮಾರಸಿಂಹನು 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡನು. ಅದೇ ಅಜಿತಸೇನರು ರನ್ನನ ಗುರುಗಳು. ಆ ರನ್ನನೇ ‘ಗದಾಯುದ್ಧ’ದಲ್ಲಿ ಭೀಮನಿಂದ ದುರ್ಯೋಧನನ ತೊಡೆ ಮುರಿಸಿದನು. ಆದರೆ ಅದನ್ನು ಓದಿ ಮುಗಿಸಿದವನ ಮನಸ್ಸು ಸೋತವನಿಗಾಗಿಯೂ ಮರುಗುತ್ತದೆ. ಪಂಪನ ‘ಆದಿಪುರಾಣ’ದಲ್ಲಂತೂ ಸೇನೆಗಳ ಸಂಹಾರವನ್ನು ತಪ್ಪಿಸಲೆಂದೇ ಭರತ ಬಾಹುಬಲಿಗಳಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸುತ್ತಾರೆ. ಸ್ಪರ್ಧೆಯು ಕೊಲೆಯನ್ನು ತಡೆದ ಉದಾಹರಣೆ ಇದು. ಆಟವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ತೂಗಬೇಕಾದದ್ದು ಆನಂದವನ್ನು. ನಮ್ಮ ಶಾಸ್ತ್ರಗಳು ರೌದ್ರಧ್ಯಾನವನ್ನು ನಾಲ್ಕಾಗಿ ವಿಂಗಡಿಸಿ ‘ಹಿಂಸಾನಂದ’ವನ್ನು ಮೊದಲಿಗಿಟ್ಟಿವೆ. ಇಂಥ ಆಟದಲ್ಲಿ ಒಂದೊಂದು ಕೊಲೆಗೂ ಅಂಕ ಸಿಗುತ್ತದೆ, ಮರುಗಲು ಬಿಡುವಿಲ್ಲ. ಕುಂದಕುಂದಾಚಾರ್ಯರು ‘ಭಾವಪಾಹುಡ’ದಲ್ಲಿ ಸ್ಮರಿಸುವ ಅಕ್ಕಿಕಾಳಿನಷ್ಟು ಚಿಕ್ಕ ಮೀನಿನ ಕಥೆ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ದೊಡ್ಡ ಮೀನಿನ ಬಾಯಲ್ಲಿ ಸಣ್ಣ ಮೀನುಗಳು ಬಂದುಹೋಗುವುದನ್ನು ಕಂಡ ಅದು, ‘ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ’ ಎಂದುಕೊಂಡಿತು. ಒಂದನ್ನೂ ಕೊಲ್ಲದ ಅದಕ್ಕೆ ನರಕ ಪ್ರಾಪ್ತವಾಯಿತು. ಮಗುವಿಗೆ ನರಕದ ಭಯ ಹುಟ್ಟಿಸಲೆಂದು ಇದನ್ನು ಹೇಳುತ್ತಿಲ್ಲ. ಹತ್ತು ನಿಮಿಷ ಆಡಿ ಮರೆಯುವ ಮಗುವಿಗೂ, ರಾತ್ರಿಯೆಲ್ಲ ಕೊಲೆಯ ಎಣಿಕೆಯಲ್ಲೇ ಸುಖಿಸುವ ಮಗುವಿಗೂ ವ್ಯತ್ಯಾಸವಿದೆಯೆಂದು ಈ ಕಥೆ ತೋರಿಸುತ್ತದೆ.

ಇಲ್ಲಿ ಹಿರಿಯರ ಲೆಕ್ಕವನ್ನೂ ತೆಗೆಯಬೇಕು. ಶ್ರಾವಕರು ಬಿಡಬೇಕಾದ ಅನರ್ಥದಂಡಗಳೆಂದು ಸಮಂತಭದ್ರಾಚಾರ್ಯರು ಐದನ್ನು ಹೇಳಿದ್ದಾರೆ. ಕೆಡುಕನ್ನು ಚಿಂತಿಸುವ ಅಪಧ್ಯಾನ, ಮನಸ್ಸನ್ನು ಕೆಡಿಸುವುದನ್ನು ಕೇಳುವ ದುಃಶ್ರುತಿ ಮಕ್ಕಳಿಗೆ ಅನ್ವಯಿಸಬಹುದು. ಆದರೆ ಹಿಂಸೆಯ ಸಾಧನಗಳನ್ನು ಒದಗಿಸುವ ಹಿಂಸಾದಾನ ಯಾರ ಪಾಲಿನದು? ಆಟಿಕೆ ಪಿಸ್ತೂಲು ಮಾರುವವರಲ್ಲಿ, ಮೊಬೈಲ್ ಅಂಗಡಿಯಿಟ್ಟವರಲ್ಲಿ ನಮ್ಮ ಸಮಾಜದವರೂ ಇದ್ದಾರೆ. ಅಳುವ ಮಗುವನ್ನು ಸುಮ್ಮನಿರಿಸಲು ಮೊದಲು ಫೋನು ಕೊಟ್ಟವರು ನಾವೇ. ದೀಪಾವಳಿಯ ನಂತರ ನಮ್ಮ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಓಡುವುದು ಜೀವವಿರುವ ಹೋರಿ, ತಿವಿಸಿಕೊಂಡು ಸತ್ತವರು ಮತ್ತೆ ಎದ್ದು ಬಂದಿಲ್ಲ. ಅದಕ್ಕೆ ಚಪ್ಪಾಳೆ ತಟ್ಟಿ ಬಂದ ತಂದೆ ಪರದೆಯ ರಕ್ತವನ್ನು ತೋರಿಸಿ ಮಗನನ್ನು ಬೈದರೆ, ಕೃತ, ಕಾರಿತ, ಅನುಮೋದನೆ ಮೂರೂ ಸಮವೆಂದು ಪಾಠಶಾಲೆಯಲ್ಲಿ ಕಲಿತ ಮಗ ಏನೆಂದುಕೊಂಡಾನು?

ಬಸದಿಯೊಳಗೆ ಮೊಬೈಲ್ ತರಬಾರದೆಂಬ ಫಲಕ ಹಾಕುವುದು ಸುಲಭ. ಅದರ ಜೊತೆಗೆ, ಮುಂದಿನ ದಶಲಕ್ಷಣ ಪರ್ವದಲ್ಲಿ ಸಂಜೆಯ ಎರಡು ದಿನಗಳನ್ನು ‘ಯಶೋಧರ ಚರಿತೆ’ಯ ಕಥನಕ್ಕೆ ಮೀಸಲಿಡುವಂತೆ ಮೂರೂ ಊರುಗಳ ಟ್ರಸ್ಟುಗಳಲ್ಲಿ ನನ್ನ ವಿನಂತಿ. ಮೊದಲ ದಿನ ಹಳಗನ್ನಡ ಬಲ್ಲವರು ಕಥೆ ಹೇಳಲಿ. ಎರಡನೆಯ ದಿನ ಹಿರಿಯರು ಸುಮ್ಮನೆ ಕುಳಿತು, ಹಿಟ್ಟಿನ ಕೋಳಿಯ ವಿಷಯದಲ್ಲಿ ಯಶೋಧರನದು ತಪ್ಪೋ ಸರಿಯೋ ಎಂದು ಮಕ್ಕಳೇ ವಾದಿಸುವುದನ್ನು ಕೇಳಲಿ.