‘ಸುಳ್ಳಾಗಿದ್ರೆ ಸರ್ಕಾರ ಬಿಡ್ತಿತ್ತಾ?’: ಔಷಧಿ ಜಾಹೀರಾತು ಮತ್ತು ಕಾನೂನು

ಶುಗರ್ 90 ದಿನದಲ್ಲಿ ಬೇರುಸಹಿತ ಹೋಗುತ್ತದೆ, ಕಿಡ್ನಿ ಕಲ್ಲು ಮೂರೇ ಡೋಸಿಗೆ ಕರಗುತ್ತದೆ, ಮೊಣಕಾಲಿಗೆ ಆಪರೇಷನ್ ಬೇಡ. ಬಳಗಾನೂರು, ಮಸ್ಕಿ, ಸಿಂಧನೂರು ಕಡೆಯೂ ಇಂಥ ಮಾತು ವಾಟ್ಸಾಪ್, ಕರಪತ್ರ, ಮೈಕ್ ಕಟ್ಟಿದ ಆಟೋಗಳ ಮೂಲಕ ಮನೆ ಬಾಗಿಲಿಗೆ ಬರುತ್ತದೆ. ಅನುಮಾನಪಟ್ಟರೆ ಸಿಗುವ ಉತ್ತರ: ‘ಸುಳ್ಳಾಗಿದ್ರೆ ಸರ್ಕಾರ ಬಿಡ್ತಿತ್ತಾ?’

ಬಿಡುವುದಿಲ್ಲ ಎಂದು ಕಾನೂನು ಹೇಳಿ ಎಪ್ಪತ್ತು ವರ್ಷ ದಾಟಿದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳಿವೆ: ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಪಾರ್ಶ್ವವಾಯು, ಮೂರ್ಛೆ, ತೊನ್ನು, ಕಿಡ್ನಿ ಕಲ್ಲು, ಬೊಜ್ಜು, ಬಂಜೆತನ. ಎತ್ತರ ಹೆಚ್ಚಿಸುವ ಔಷಧಿಯೂ ಇದರೊಳಗೆ ಬರುತ್ತದೆ! ಇವನ್ನು ವಾಸಿ ಮಾಡುತ್ತೇವೆಂದು ಜನರಿಗೆ ಜಾಹೀರಾತು ಕೊಡುವುದೇ ಅಪರಾಧ. ಅದು ಸುಳ್ಳೆಂದು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ. ನೋಂದಾಯಿತ ವೈದ್ಯರು ತಮ್ಮ ದವಾಖಾನೆಗೆ ಹಾಕಿಕೊಳ್ಳುವ ಬೋರ್ಡಿಗೆ ವಿನಾಯಿತಿ ಇದೆ. ‘ಜಾಹೀರಾತು’ ಎಂಬ ಪದಕ್ಕೆ ಕೊಟ್ಟ ಅರ್ಥವೂ ದೊಡ್ಡದು. ಲೇಬಲ್, ಕರಪತ್ರ ಮಾತ್ರವಲ್ಲ, ಬಾಯಲ್ಲಿ ಕೂಗಿ ಹೇಳುವುದು, ಬೆಳಕು, ಶಬ್ದ, ಹೊಗೆಯ ಮೂಲಕ ಸಾರುವುದು ಕೂಡ ಸೇರಿದೆ. ಹಾಗಾಗಿ ಸಂತೆಯಲ್ಲಿ ಮೈಕ್ ಹಿಡಿದವರೂ ಇದರ ಹೊರಗಿಲ್ಲ. ತಾಯತ, ಮಂತ್ರ, ಕವಚ ‘ಮಾಂತ್ರಿಕ ಪರಿಹಾರ’ದೊಳಗೆ ಬರುತ್ತವೆ. ಮೂಲ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಆರು ತಿಂಗಳವರೆಗೆ, ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಇದೆ.

ಹಾಗಾದರೆ ಜಾಹೀರಾತು ನಿಂತಿಲ್ಲವೇಕೆ? ಕಾನೂನು ಬಹುಪಾಲು ಜಾಹೀರಾತು ಬಂದ ಮೇಲೆ ಎಚ್ಚರಗೊಳ್ಳುತ್ತದೆ, ಅದೂ ಯಾರಾದರೂ ದೂರಿದರೆ. ಆಯುಷ್ ಔಷಧಿಗಳ ಜಾಹೀರಾತಿಗೆ ಮೊದಲೇ ಒಪ್ಪಿಗೆ ಬೇಕೆಂದು 2018ರಲ್ಲಿ 170ನೇ ನಿಯಮ ಬಂದಿತ್ತು. ಕೇಂದ್ರ ಅದನ್ನು 2024ರ ಜುಲೈ 1ರಂದು ತೆಗೆದುಹಾಕಿತು; ಆಗಸ್ಟ್ 27ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು; 2025ರ ಆಗಸ್ಟ್‌ನಲ್ಲಿ ಪ್ರಕರಣವೇ ಮುಗಿಯಿತು. ಇದು ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಹೂಡಿದ ಪ್ರಕರಣ. ಪತಂಜಲಿ ಆಯುರ್ವೇದ ಕೋರ್ಟಿಗೆ ಕೊಟ್ಟ ಮಾತು ಮೀರಿ ಜಾಹೀರಾತು ಮುಂದುವರಿಸಿದ್ದಕ್ಕೆ 2024ರ ಫೆಬ್ರುವರಿಯಲ್ಲಿ ನಿಂದನೆ ನೋಟಿಸ್ ಪಡೆದು, ಪತ್ರಿಕೆಗಳಲ್ಲಿ ಕ್ಷಮೆ ಕೇಳಬೇಕಾಯಿತು. ಕಣ್ಣುಮುಚ್ಚಿ ಕುಳಿತ ಉತ್ತರಾಖಂಡದ ಪರವಾನಗಿ ಅಧಿಕಾರಿಗಳನ್ನೂ ಕೋರ್ಟ್ ಬಿಡಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಪ್ರಕರಣದ ಮುಖ್ಯ ಸಂಗತಿ ಅದೇ.

ಇನ್ನೊಂದು ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇದರಡಿ 2020ರಲ್ಲಿ ಹುಟ್ಟಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದ ನಟ-ನಟಿಯರಿಗೂ ಇದು ಅನ್ವಯ. 2022ರಲ್ಲಿ ನಾಪ್ಟಾಲ್‌ಗೆ 10 ಲಕ್ಷ ದಂಡ ಬಿತ್ತು. ಆಕ್ಷೇಪಕ್ಕೆ ಗುರಿಯಾದ ಸಾಮಾನುಗಳಲ್ಲಿ ಮೊಣಕಾಲಿಗೆ ಕಟ್ಟುವ ಆಯಸ್ಕಾಂತದ ಪಟ್ಟಿ ಸಹ ಇತ್ತು. ಸೆನ್ಸೊಡೈನ್ ಟೂತ್‌ಪೇಸ್ಟಿಗೂ ಅದೇ ವರ್ಷ ಅಷ್ಟೇ ದಂಡ.

‘ಆದರೆ ನಮ್ಮ ಚಿಕ್ಕಪ್ಪನಿಗೆ ಗುಣವಾಯ್ತಲ್ಲ’ ಎನ್ನುವವರಿದ್ದಾರೆ. ಸಣ್ಣ ಕಿಡ್ನಿ ಕಲ್ಲು ಬಹಳಷ್ಟು ಸಲ ತಾನಾಗಿಯೇ ಮೂತ್ರದಲ್ಲಿ ಹೊರಬೀಳುತ್ತದೆ. ಕೀಲುನೋವು ಏರುತ್ತದೆ, ಇಳಿಯುತ್ತದೆ. ಇಳಿದಾಗ ಹೆಸರು ಪುಡಿಗೆ. ಕೆಲವು ಪುಡಿಗಳಿಗೆ ಲೇಬಲ್‌ನಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸುತ್ತಾರೆ. ನೋವು ಎರಡೇ ದಿನದಲ್ಲಿ ಮಾಯ, ಆದರೆ ಸಕ್ಕರೆ, ಬಿಪಿ ಏರುತ್ತವೆ, ಮೂಳೆ ಸವೆಯುತ್ತದೆ. ಎಲ್ಲಕ್ಕಿಂತ ಅಪಾಯ ಜಾಹೀರಾತು ನಂಬಿ ಇನ್ಸುಲಿನ್ ನಿಲ್ಲಿಸುವುದು: ಟೈಪ್ 1 ಮಧುಮೇಹಿಗಳ ಜೀವಕ್ಕೆ ಕೆಲವೇ ದಿನಗಳಲ್ಲಿ ಕುತ್ತು ಬರಬಹುದು. ಪ್ಯಾಕೆಟ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಆಹಾರ ವ್ಯಾಪಾರದ ಲೈಸೆನ್ಸು, ಕಾಯಿಲೆ ವಾಸಿಯಾಗುತ್ತದೆಂಬ ಪ್ರಮಾಣಪತ್ರವಲ್ಲ.

ಭತ್ತದ ಗದ್ದೆಗಳ ಈ ಸೀಮೆಗೆ ಇನ್ನೊಂದು ಮಾತು ಹೇಳಲೇಬೇಕು. ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗಗೊಡದೆ ಮಂತ್ರ-ತಂತ್ರ, ದಾರ ಕಟ್ಟುವುದು ಕರ್ನಾಟಕದ 2017ರ ಮಾಟ-ಮಂತ್ರ ತಡೆ ಕಾಯ್ದೆಯಡಿ ಅಪರಾಧ. ಹಾವು ಕಚ್ಚಿದರೆ 108ಕ್ಕೆ ಕರೆ ಮಾಡಿ.

ದೂರು ಕೊಡಬೇಕೆಂದರೆ ಕರಪತ್ರ, ಬಿಲ್ಲು, ಪ್ಯಾಕೆಟ್, ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಗ್ರಾಹಕ ಸಹಾಯವಾಣಿ 1915. ತಪ್ಪುದಾರಿಗೆಳೆಯುವ ಜಾಹೀರಾತಿನ ಬಗ್ಗೆ ಲಿಖಿತ ದೂರನ್ನು ರಾಯಚೂರಿನ ಜಿಲ್ಲಾಧಿಕಾರಿಗೂ ಕೊಡಬಹುದು. 2019ರ ಕಾಯ್ದೆ ಆ ಅಧಿಕಾರ ಅವರಿಗೆ ಕೊಟ್ಟಿದೆ. ದುಡ್ಡು ವಾಪಸು ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ.